ರಾಗಿ ಡಬ್ಬದೊಳಗಿನ ಬ್ಯಾಕಪ್ಪು

ಮೇಜು ಒರೆಸುವಾಗ ಒಂದು ರಾಗಿ ಕಾಳು ಸಿಕ್ಕಿತು. ರಾಗಿ ತಿನ್ನುವ ಸೀಮೆಯಲ್ಲಿ ಮೇಜಿನ ಮೇಲೆ ರಾಗಿ ಕಾಳು ಸಿಕ್ಕಿದ್ದು ಬರೆಯುವಂಥ ವಿಷಯವೇ ಎಂದು ನೀವು ಕೇಳಬಹುದು. ಅದು ಉದುರಿದ್ದು ಹಾರ್ಡ್ ಡಿಸ್ಕಿನೊಳಗಿಂದ. ಕೇಬಲ್ ಸಿಕ್ಕಿಸಲು ಒಂದು ಸಣ್ಣ ಕಿಂಡಿ ಇರುತ್ತದಲ್ಲ, ಅಲ್ಲಿಂದ. ಪಿನ್ನು ಹಿಡಿದು ಎಷ್ಟು ಕೆದಕಿದರೂ ಕೆಲವು ಕಾಳು ಒಳಗೇ ಕೂತಿದ್ದವು. ಈಗ ತಮಗೆ ಬಿಡುವಾದಾಗ ಒಂದೊಂದಾಗಿ ಹೊರಗೆ ಬರುತ್ತಿವೆ. ಒಂದು ಕಾಳು ಬಿದ್ದರೆ ಸಾಕು, ನನಗೆ ಮೊದಲಿಂದ ಎಲ್ಲ ನೆನಪಾಗಿ ಸಿಟ್ಟು ಬರುತ್ತದೆ. ಆ ಸಿಟ್ಟು ಯಾರ ಮೇಲೆ ಎನ್ನುವುದು ಮಾತ್ರ ನಡುವೆ ಬದಲಾಯಿತು.

ನಾನು ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ಕಂಪ್ಯೂಟರು ನನ್ನ ವಿಷಯವಲ್ಲ. ಆದರೆ ನಮ್ಮ ಮನೆಯಲ್ಲಿ ಯಾರ ಫೋನು ತುಂಬಿದರೂ ತಂದು ನನ್ನ ಕೈಗೆ ಕೊಡುತ್ತಿದ್ದರು. ‘ಸೈನ್ಸು ಓದಿದ್ದೀರಲ್ಲ, ಖಾಲಿ ಮಾಡಿಕೊಡಿ’ ಎನ್ನುವುದು ಅವರ ಲೆಕ್ಕಾಚಾರ. ಗಂಧಕಾಮ್ಲಕ್ಕೂ ತುಂಬಿದ ಫೋನಿಗೂ ಏನು ಸಂಬಂಧ ಎಂದು ಯಾರೂ ಯೋಚಿಸಲಿಲ್ಲ. ಖಾಲಿ ಮಾಡಿ ಮಾಡಿ ಸಾಕಾಗಿ, ಒಂದು ಬೇಸಿಗೆ ರಜೆಯಲ್ಲಿ ಹಟ ಹಿಡಿದು ಕಲಿತು, ಟೀವಿಯ ಪಕ್ಕದ ಷೋಕೇಸಿನಲ್ಲಿ ಒಂದು ಸರ್ವರು ಕೂರಿಸಿದೆ. ಹೆಸರು ಕೇಳಿ ಹೆದರಬೇಡಿ. ಊಟದ ಡಬ್ಬಿಯಷ್ಟಿರುವ ಕರೀ ಪೆಟ್ಟಿಗೆ ಅದು. ಮನೆಯವರ ಫೋಟೋ, ವಿಡಿಯೋ, ಹಾಡು ಎಲ್ಲ ಅದರೊಳಗೆ ಇರುತ್ತವೆ. ಮನೆಯ ವೈಫೈ ಹಿಡಿದ ಯಾವ ಫೋನಿನಲ್ಲಾದರೂ ನೋಡಬಹುದು, ಟೀವಿಯಲ್ಲೂ ನೋಡಬಹುದು. ಅತ್ತೆ ಅದನ್ನು ‘ಡಬ್ಬಿ’ ಎಂದೇ ಕರೆಯುತ್ತಾರೆ. ಅವರಿಗೆ ಅನುಕೂಲವಾಗಲಿ ಎಂದು ಟೀವಿಯಲ್ಲಿ ಅದರ ಬರಹವೆಲ್ಲ ಕನ್ನಡದಲ್ಲಿ ಬರುವ ಹಾಗೆ ಮಾಡಿದ್ದೆ. ಅದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು.

ಕೆಟ್ಟದ್ದು ಎಲ್ಲಿ ಎಂದರೆ, ‘ಮನೆ’ ಎಂಬ ಹೆಸರಿನ ಒಂದೇ ಫೋಲ್ಡರು ಮಾಡಿ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟೆ. ಹಾಕುವ ಹಕ್ಕು, ತೆಗೆಯುವ ಹಕ್ಕು, ಹೆಸರು ಬದಲಿಸುವ ಹಕ್ಕು. ಕೂಡು ಕುಟುಂಬದ ಸೊಸೆ, ಮನೆಯವರಿಗೆ ಬೀಗ ಹಾಕುವುದು ಹೇಗೆ? ವಾರ ಕಳೆಯುವುದರೊಳಗೆ ಆ ಫೋಲ್ಡರು ಹಬ್ಬದ ಹಿಂದಿನ ದಿನದ ಅಡುಗೆಮನೆಯಾಯಿತು. ಮೈದುನ ರಮೇಶ ದಿನಾ ಬೆಳಿಗ್ಗೆ ಫೋನಿಗೆ ಬರುವ ಶುಭೋದಯದ ಗುಲಾಬಿ ಹೂವುಗಳನ್ನೆಲ್ಲ ಅದರೊಳಗೆ ಸುರಿದ. ಹಗರೆಯಲ್ಲಿರುವ ನಾದಿನಿ ಲಕ್ಷ್ಮಿ ಬಂದಾಗಲೆಲ್ಲ ತನ್ನ ಹಸುಗಳ ವಿಡಿಯೋ ಹಾಕಿ ಹೋಗುತ್ತಿದ್ದಳು. ಹಸು ನಿಂತಿರುವುದು, ಹಸು ಮಲಗಿರುವುದು, ಹಸು ಮತ್ತೆ ನಿಂತಿರುವುದು. ನಮ್ಮನೆಯವರು ರೈಲ್ವೆಯವರು, ಅವರು ಯಾವುದೋ ಗೂಡ್ಸ್ ಗಾಡಿಯ ಫೋಟೋ ಹಾಕಿ ಅದಕ್ಕೆ ‘ಹೊಸದು’ ಎಂದು ಹೆಸರಿಟ್ಟರು. ಮರುದಿನ ‘ಹೊಸದು ಎರಡು’ ಬಂತು. ನಂತರ ‘ಹಳೆಯ ಹೊಸದು’. ಒಂದು ಮದುವೆಯ ವಿಡಿಯೋ ಇದೆ, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಪಂಕ್ತಿಯಲ್ಲಿ ಕೂತವರು ತಲೆ ಬಗ್ಗಿಸಿ ಉಣ್ಣುವುದು. ಅದನ್ನು ತೆಗೆಯುವಂತಿಲ್ಲ. ತೆಗೆದರೆ, ಉಂಡವರಿಗೆಲ್ಲ ಬೇಜಾರಾಗುತ್ತದೆ.

ನನ್ನ ಹೊಟ್ಟೆಯುರಿ ಏನೆಂದರೆ, ಇದೇ ರಮೇಶ ಕೊಬ್ಬರಿ ವ್ಯಾಪಾರದವನು. ಅಟ್ಟದ ಮೇಲೆ ತೆಂಗಿನಕಾಯಿ ಹರಡಿ, ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ ವರ್ಷದ ಹತ್ತಿರ ಕಾಯುತ್ತಾನೆ. ಅಷ್ಟು ದಿನ ಅಟ್ಟಕ್ಕೆ ಇನ್ನೊಬ್ಬರು ಕಾಲಿಡುವಂತಿಲ್ಲ. ಮೇಲೊಂದು ಕಾಯಿ ಉರುಳಿದ ಸದ್ದಾದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾನೆ. ಅಂಥವನು ಡಬ್ಬಿಯೊಳಗೆ ಎಡವಟ್ಟು ಮಾಡಿ, ‘ಅತ್ತಿಗೆ, ಏನೋ ಒತ್ತಿದೆ, ಏನೋ ಹೋಯ್ತು’ ಎಂದು ಹಲ್ಲು ಕಿರಿಯುತ್ತಾನೆ.

ನಾನು ಬೆಳೆದ ಬೇಲೂರಿನ ಮನೆಯಲ್ಲಿ ಇಂಥದ್ದೆಲ್ಲ ಇರಲಿಲ್ಲ. ಅಲ್ಲಿ ಒಂದು ರೇಡಿಯೋ ಇತ್ತು, ಅದರ ತಿರುಗಣಿ ಮುಟ್ಟುವ ಹಕ್ಕು ಅಪ್ಪನೊಬ್ಬನದು. ಅಮ್ಮ ಅದಕ್ಕೆ ಹಸಿರು ದಾರದಲ್ಲಿ ಗಿಳಿ ಕಸೂತಿ ಹಾಕಿದ ಮುಸುಕು ಹೊಲಿದಿದ್ದಳು. ವಾರಕ್ಕೊಂದು ಸಲ ಒಗೆದು ಹಾಕುತ್ತಿದ್ದಳು. ಅವಳು ತಾನಾಗಿ ಒಂದು ಸ್ಟೇಷನ್ ಹಾಕಿದ್ದನ್ನು ನಾನು ನೋಡಿದ ನೆನಪಿಲ್ಲ. ಆಗ ನನಗೆ ಅದು ಶಿಸ್ತು ಎನಿಸುತ್ತಿತ್ತು. ಡಬ್ಬಿಯ ಗಲೀಜು ನೋಡಿ ಸಿಟ್ಟು ಬಂದಾಗಲೆಲ್ಲ, ನಮ್ಮಪ್ಪನ ಹಾಗೆ ಒಬ್ಬರಿರಬೇಕಿತ್ತು ಎಂದು ಗೊಣಗಿದ್ದುಂಟು.

ಇಷ್ಟೆಲ್ಲ ಗಲೀಜಿನ ನಡುವೆ ಎಲ್ಲರಿಗೂ ಬೇಕಾದ ವಿಡಿಯೋ ಒಂದೇ. ಹಳೇಬೀಡಿನದು. ಮಾವ ತೀರಿಹೋಗಿ ನಾಲ್ಕು ವರ್ಷವಾಯಿತು. ರೆವಿನ್ಯೂ ಇಲಾಖೆಯಲ್ಲಿದ್ದವರು, ಊರಿನ ಗಡಿ ಗೆರೆಯಿಂದ ಹಿಡಿದು ಆಕಾಶದ ಗ್ರಹಗಳವರೆಗೆ ಯಾವ ವಿಷಯಕ್ಕೂ ಅವರಲ್ಲಿ ಮಾತಿತ್ತು. ಬಹಳ ಹಿಂದೆ ಮನೆಯವರೆಲ್ಲ ಹಳೇಬೀಡಿಗೆ ಹೋಗಿದ್ದಾಗ ಅವರು ದೇವಸ್ಥಾನದ ಗೋಡೆಯ ಪಕ್ಕ ನಡೆಯುತ್ತ ವಿವರಣೆ ಕೊಡುತ್ತಿದ್ದರು, ರಮೇಶ ಫೋನಿನಲ್ಲಿ ಹಿಡಿಯುತ್ತಿದ್ದ. ತಳದಲ್ಲಿ ಆನೆಗಳ ಸಾಲು. ಅತ್ತೆ ಅದರ ಮುಂದೆ ನಿಂತು, ಒಂದು ಆನೆಯನ್ನು ಬೆರಳಿನಿಂದ ತೋರಿಸಿ ಕೇಳುತ್ತಾರೆ: ‘ಇಷ್ಟೊಂದು ಕೆತ್ತಬೇಕಾದ್ರೆ ಎಷ್ಟು ಜನ ಇದ್ರೋ ಏನೋ. ಅಷ್ಟು ಜನಕ್ಕೆ ಊಟ ಯಾರು ಮಾಡಾಕ್ತಿದ್ರು?’

ಮಾವ ಕ್ಯಾಮೆರಾದ ಕಡೆ ತಿರುಗುತ್ತಾರೆ. ‘ನೋಡ್ರಪ್ಪಾ, ದೇವಸ್ಥಾನಕ್ಕೆ ಬಂದ್ರೂ ನಮ್ಮೋಳಿಗೆ ಅಡುಗೆಮನೆದೇ ಚಿಂತೆ. ನೀನು ಸುಮ್ಕಿರು. ತಿಳೀದೋರು ಬಾಯಿ ಬಿಡಬಾರ್ದು.’ ಎಲ್ಲರೂ ನಗುತ್ತಾರೆ. ರಮೇಶನ ನಗುವಿಗೆ ಚಿತ್ರವೇ ಅಲ್ಲಾಡುತ್ತದೆ. ನನ್ನ ನಗುವೂ ಅದರಲ್ಲಿದೆ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಆಮೇಲೆ ಅದು ನಮ್ಮ ಮನೆಯ ಮಾತೇ ಆಗಿಹೋಯಿತು. ಯಾರು ಪೆದ್ದು ಪ್ರಶ್ನೆ ಕೇಳಿದರೂ ‘ಊಟ ಯಾರು ಮಾಡಾಕ್ತಿದ್ರು’ ಎನ್ನುವುದು, ಎಲ್ಲರೂ ನಗುವುದು. ಹಿರಿಯರ ಹಬ್ಬದಲ್ಲಿ ಮಾವನ ಫೋಟೋ ಮುಂದೆ ಹೊಸ ಪಂಚೆ, ನಶ್ಯದ ಡಬ್ಬಿ, ಅವರಿಗೆ ಇಷ್ಟವಾದ ಉದ್ದಿನ ವಡೆ, ಕಜ್ಜಾಯ ಇಟ್ಟು ಎಡೆ ಹಾಕುತ್ತೇವೆ. ಎಡೆಯಾದ ಮೇಲೆ ನೆಂಟರೆಲ್ಲ ಊಟಕ್ಕೆ ಕೂತಾಗ ಟೀವಿಯಲ್ಲಿ ಆ ವಿಡಿಯೋ ಹಾಕುವುದು ಪದ್ಧತಿಯಾಯಿತು. ‘ಅಪ್ಪನ ದನಿ ಮನೇಲಿ ಕೇಳ್ಬೇಕು ಅತ್ತಿಗೆ’ ಎಂದು ರಮೇಶ ಹೇಳಿದಾಗ ಅವನ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ.

ಈ ಸಲದ ಹಬ್ಬಕ್ಕೆ ನಾಲ್ಕಾರು ದಿನವಿದ್ದಾಗ ನೋಡಿದರೆ ಆ ವಿಡಿಯೋ ಇಲ್ಲ. ಹಸುಗಳಿವೆ. ಗುಲಾಬಿಗಳಿವೆ. ‘ಹಳೆಯ ಹೊಸದು’ ಇದೆ. ಹಳೇಬೀಡು ಮಾತ್ರ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಮೊದಲು ನಮ್ಮನೆಯವರನ್ನು ಹಿಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, ‘ನಾನು ಗೂಡ್ಸ್ ಬಿಟ್ಟು ಬೇರೇದು ಮುಟ್ಟಿಲ್ಲ’ ಎಂದರು. ರಮೇಶನನ್ನು ಕೇಳಿದರೆ ಅವನಿಗೇ ಸಿಟ್ಟು ಬಂತು.

‘ಅಪ್ಪಂದ್ರಲ್ಲಿ ಎಲ್ಲರಿಗೂ ಬೇಕಾಗಿದ್ದು ಅದೊಂದೇ, ನಾನ್ ಅಳಿಸ್ತೀನಾ ಅತ್ತಿಗೆ? ಏನಂತ ಕೇಳ್ತಿದ್ದೀರಿ?’

‘ಮತ್ತೆ ತಾನಾಗೇ ಎದ್ದು ಹೋಯ್ತಾ?’

‘ನಿಮ್ ಡಬ್ಬಿ, ನಿಮಗೇ ಗೊತ್ತಾಗ್ಬೇಕು.’

ಡಬ್ಬಿಯಲ್ಲಿ ಯಾರು ಏನು ಮಾಡಿದರು ಎನ್ನುವುದು ದಾಖಲಾಗುತ್ತದೆ. ತೆಗೆದು ನೋಡಿದೆ. ಅಳಿಸಿದವರು ಎನ್ನುವಲ್ಲಿ ನನ್ನ ಹೆಸರೇ ಇತ್ತು. ಟೀವಿಗೆ ಬೇರೆ ಖಾತೆ ಮಾಡುವ ಸೋಮಾರಿತನಕ್ಕೆ ನನ್ನ ಖಾತೆಯನ್ನೇ ಹಾಕಿಟ್ಟಿದ್ದೆ. ಟೀವಿಯ ಮುಂದೆ ಕೂತು ಯಾರು ಏನು ಒತ್ತಿದರೂ ಡಬ್ಬಿಯ ಲೆಕ್ಕದಲ್ಲಿ ಅದು ನಾನು. ಈ ಮನೆಯಲ್ಲಿ ಎಲ್ಲ ತಪ್ಪೂ ಸೊಸೆಯ ಹೆಸರಿಗೆ ಬೀಳುವುದನ್ನು ಅದೂ ಕಲಿತುಕೊಂಡಿದೆ ಎಂದು ಬೈದುಕೊಂಡೆ.

ಆದರೂ ಧೈರ್ಯವಿತ್ತು. ಡಬ್ಬಿಯ ಬೆನ್ನಿಗೆ ಇನ್ನೊಂದು ಡಿಸ್ಕು ಸಿಕ್ಕಿಸಿ, ಎಲ್ಲವೂ ದಿನಾ ನಕಲಾಗುವಂತೆ ಮಾಡಿದ್ದೆನಲ್ಲ. ಅದನ್ನು ತೆರೆದೆ. ಅಲ್ಲೂ ಇಲ್ಲ. ನಾನು ಮಾಡಿದ್ದು ಕನ್ನಡಿಯಂಥ ನಕಲು. ಇಲ್ಲಿ ಸೇರಿದ್ದು ಅಲ್ಲಿ ಸೇರುತ್ತದೆ, ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಹಿಂದೊಮ್ಮೆ ರಮೇಶನಿಗೆ ಇದನ್ನೇ ನಡುಮನೆಯಲ್ಲಿ ನಿಂತು ಪಾಠ ಮಾಡಿದ್ದೆ: ‘ಹುಷಾರು, ಇಲ್ಲಿ ಅಳಿಸಿದರೆ ಎಲ್ಲ ಕಡೆ ಹೋಗುತ್ತೆ.’ ಹೇಳಿದ ನನಗೇ ಅದರ ಅರ್ಥ ಈಗ ಆಯಿತು.

ಉಳಿದದ್ದು ಹಗರೆ. ಹೋದ ವರ್ಷ ಒಂದು ಹಳೆಯ ಡಿಸ್ಕಿಗೆ ಎಲ್ಲವನ್ನೂ ತುಂಬಿ, ನಮ್ಮ ಮನೆಗೆ ಬೆಂಕಿ ಬಿದ್ದರೂ ಬೇರೆ ಊರಲ್ಲೊಂದು ಇರಲಿ ಎಂದು ಲಕ್ಷ್ಮಿಯ ಕೈಗೆ ಕೊಟ್ಟು ಕಳಿಸಿದ್ದೆ. ಫೋನು ಮಾಡಿದೆ.

‘ಭದ್ರವಾಗೈತೆ ಅತ್ತಿಗೆ,’ ಎಂದಳು. ‘ಹೋದ ಆಯುಧ ಪೂಜೇಲಿ ತೊಳ್ದು ಕುಂಕುಮ ಇಟ್ಟಿದ್ದೆ.’

‘ಏನು ಮಾಡಿದೆ?’

‘ತೊಳ್ದೆ. ಹಾಲು ಕರೆಯೋ ಮಿಷಿನ್ನು, ಕುಡ್ಲು, ಗುದ್ಲಿ, ಬೈಕು ಎಲ್ಲಾ ತೊಳ್ದ್ವಲ್ಲ. ಅದೂ ಮಿಷಿನ್ನೇ ಅಲ್ವಾ, ಅದೊಂದನ್ನ ಬಿಟ್ರೆ ಚೆನ್ನಾಗಿರಲ್ಲ ಅಂತ. ಜಾಸ್ತಿ ಏನಿಲ್ಲ, ಒಂದು ಚೊಂಬು ನೀರು. ಆಮೇಲೆ ಇವರು ಬೈದ್ರು. ಅಕ್ಕೀಲಿ ಹೂತಿಟ್ರೆ ನೀರು ಹೀರ್ಕತ್ತದೆ ಅಂದ್ರು. ಅಕ್ಕಿ ಖಾಲಿಯಾಗಿತ್ತು, ರಾಗೀಲಿಟ್ಟೆ.’

‘ಈಗೆಲ್ಲಿದೆ?’

‘ಅಲ್ಲೇ ಐತಲ್ಲ,’ ಎಂದಳು, ಇದೆಂಥ ಪ್ರಶ್ನೆ ಎನ್ನುವಂತೆ.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಬಸ್ಸು ಹತ್ತಿದೆ. ಜಾವಗಲ್ ದಾಟುವವರೆಗೂ ಮನಸ್ಸಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ತೊಳೆದವಳನ್ನು, ಅಳಿಸಿದವರನ್ನು, ಹೆಸರು ಕೆಡಿಸಿದವರನ್ನು. ಒಬ್ಬಳು ಕಷ್ಟಪಟ್ಟು ಕೂಡಿಸಿಟ್ಟರೆ ಹತ್ತು ಜನ ಕೈಯಾಡಿಸುವುದು ಯಾವ ನ್ಯಾಯ? ಬಸ್ಸು ಬದಲಿಸಲು ಹಳೇಬೀಡಿನಲ್ಲಿ ಇಳಿದಾಗ ಹಸಿವಾಗಿತ್ತು. ದೇವಸ್ಥಾನದ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಆ ಸಿಟ್ಟಿನಲ್ಲಿ ಮಾಣಿಗೂ ಒಂದು ಮಾತು ಅಂದು, ಅರ್ಧಕ್ಕೆ ಕೈತೊಳೆದು ಹಗರೆಯ ಬಸ್ಸು ಹಿಡಿದೆ.

ಲಕ್ಷ್ಮಿ ನನ್ನ ಮುಂದೆಯೇ ರಾಗಿ ಡಬ್ಬಕ್ಕೆ ಮೊಣಕೈವರೆಗೂ ಕೈ ಇಳಿಸಿ ತಡಕಿದಳು. ಡಿಸ್ಕು ಬಂತು. ಅದರ ಹಣೆಯ ಮೇಲೆ ಹೋದ ವರ್ಷದ ಕುಂಕುಮ ಇನ್ನೂ ಇತ್ತು. ಕೇಬಲ್ಲಿನ ಕಿಂಡಿಯ ತುಂಬ ರಾಗಿ. ನನ್ನ ಮುಖ ನೋಡಿ ಅವಳು ಒಂದು ಲೋಟ ಹಾಲು ಕಾಯಿಸಿ ತಂದಿಟ್ಟಳು.

ಮನೆಗೆ ಬಂದವಳು ಪಿನ್ನು ಹಿಡಿದು ಕೂತೆ. ಕಾಳು ತೆಗೆದು, ಊದಿ, ಒರೆಸಿ, ಕೇಬಲ್ಲು ಚುಚ್ಚಿದರೆ, ನಂಬುತ್ತೀರೋ ಬಿಡುತ್ತೀರೋ, ಡಿಸ್ಕು ಎದ್ದಿತು. ಹಳೇಬೀಡು ಅದರಲ್ಲಿತ್ತು. ಮನೆಯಲ್ಲಿ ಅತ್ತೆಯೊಬ್ಬರೇ ಇದ್ದರು, ಒಳಗೆ ಹಬ್ಬದ ವಡೆಗೆ ಉದ್ದಿನಬೇಳೆ ಆರಿಸುತ್ತಿದ್ದರು. ನಾನು ಗೆದ್ದ ಸಂಭ್ರಮದಲ್ಲಿ ಟೀವಿಗೆ ಹಾಕಿ, ಜೋರಾಗಿ ಕರೆದೆ: ‘ಅತ್ತೆ, ಬನ್ನಿ. ಸಿಕ್ಕಿತು.’

ಮಾವನ ದನಿ ನಡುಮನೆ ತುಂಬಿತು. ಅತ್ತೆ ಮೊರ ಹಿಡಿದುಕೊಂಡೇ ಬಂದರು. ಕೂರಲಿಲ್ಲ. ನಗು ಮುಗಿಯುವವರೆಗೂ ನಿಂತು ನೋಡಿದರು.

‘ಅದು ಹೋಗಿರ್ಲಿಲ್ವಾ?’

‘ಹೋಗಿತ್ತು. ಹಗರೆಯಿಂದ ತಂದೆ.’

‘ಅಲ್ಲೂ ಇತ್ತಾ,’ ಎಂದರು. ‘ಇಲ್ಲಿ ಅಳಿಸಿದ್ರೆ ಎಲ್ಲಾ ಕಡೆ ಹೋಯ್ತದೆ ಅಂತ ನೀನೇ ಹೇಳಿದ್ದಲ್ಲಮ್ಮ.’

‘ನೀವಾ ಅತ್ತೆ?’

‘ಹೂಂ. ರಿಮೋಟು ಒತ್ತಿ ಒತ್ತಿ ನೋಡ್ದೆ. ಅಳಿಸಬೇಕಾ ಅಂತ ಕನ್ನಡದಲ್ಲೇ ಕೇಳ್ತು. ಹೂಂ ಅಂತ ಒತ್ತಿದೆ.’

‘ಯಾಕತ್ತೆ?’

ಅವರು ಮೊರದ ಬೇಳೆ ನೋಡುತ್ತ ಹೇಳಿದರು. ‘ಅವ್ರು ಅಂದಿದ್ದು ಒಂದ್ಸಲ ಕಣಮ್ಮ. ಮನೆಗೆ ಬಂದ್ಮೇಲೆ ಅವ್ರಿಗೇ ಮರ್ತೋಯ್ತು. ನೀವು ಹಬ್ಬ ಹಬ್ಬಕ್ಕೂ ಅವ್ರ ಬಾಯಲ್ಲಿ ಅನ್ನುಸ್ತೀರ. ನಾನೇ ಮಾಡಿದ್ ವಡೆ ತಿನ್ಕಂಡು ನಗ್ತೀರ.’

‘ಹೇಳಬಾರದಿತ್ತಾ?’

‘ಹೇಳಿದ್ರೆ ಅದಕ್ಕೂ ನಗ್ತಿದ್ರಿ.’

ಮೊರ ತಗೊಂಡು ಒಳಗೆ ಹೋದರು. ಬೇಳೆ ಆರಿಸುವ ಸದ್ದು ಮತ್ತೆ ಶುರುವಾಯಿತು. ಬೆಳಗಿನಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದ ನನ್ನ ಸಿಟ್ಟಿಗೆ ಈಗ ಎಲ್ಲಿ ಹೋಗಬೇಕೆಂದು ಗೊತ್ತಾಗಲಿಲ್ಲ. ನಾನು ಎಲ್ಲರಿಗೂ ಸಮನಾದ ಹಕ್ಕು ಕೊಟ್ಟಿದ್ದೇನೆಂದು ಬೀಗುತ್ತಿದ್ದೆನಲ್ಲ, ಆ ಹಕ್ಕನ್ನು ನಿಜವಾದ ಕೆಲಸಕ್ಕೆ ಬಳಸಿದವರು ಈ ಮನೆಯಲ್ಲಿ ಅತ್ತೆಯೊಬ್ಬರೇ. ಅವರ ವಿರುದ್ಧ ತನಿಖೆ ಮಾಡಿ, ರಜೆ ಹಾಕಿ, ಹಗರೆವರೆಗೆ ಹೋಗಿ, ಅದನ್ನು ವಾಪಸು ತಂದವಳು ನಾನು. ಆ ದಿನ ಟೀವಿ ಆರಿಸಿ ಡಿಸ್ಕನ್ನು ನನ್ನ ಸೀರೆಗಳ ನಡುವೆ ಇಟ್ಟೆ.

ಹಬ್ಬದ ದಿನ ಎಡೆಯಾಯಿತು. ನೆಂಟರು ಎಲೆಯ ಮುಂದೆ ಕೂತರು. ರಮೇಶ ರಿಮೋಟು ಹಿಡಿದು ನನ್ನ ಕಡೆ ನೋಡಿದ. ಸಿಗಲಿಲ್ಲ ಎಂದೆ. ಲಕ್ಷ್ಮಿಯ ಮುಖ ಸಣ್ಣಗಾಯಿತು. ತನ್ನ ರಾಗಿಯಿಂದಲೇ ಹಾಳಾಯಿತು ಎಂದುಕೊಂಡಳು. ಅವಳದಲ್ಲ, ನಕಲು ಮಾಡಿದ್ದರಲ್ಲಿ ನನ್ನದೇ ತಪ್ಪು ಎಂದೆ.

‘ಏನತ್ತಿಗೆ ನೀವು,’ ಎಂದ ರಮೇಶ. ‘ಬ್ಯಾಕಪ್ಪು ಬ್ಯಾಕಪ್ಪು ಅಂತ ವರ್ಷವೆಲ್ಲಾ ನಮ್ಮ ತಲೆ ತಿಂದ್ರಿ. ಬೇಕಾದ ದಿನಕ್ಕೆ ಅದೊಂದೂ ಇಲ್ಲ.’ ಇಬ್ಬರು ಮೂವರು ನೆಂಟರು ಹೌದು ಹೌದು ಎಂದರು. ಇಷ್ಟು ಓದಿ ಏನು ಬಂತು ಎಂದು ಒಬ್ಬರು ತಮ್ಮ ಎಲೆಗೆ ಹೇಳಿಕೊಂಡರು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಆದರೆ ಅದು ಅತ್ತೆಯ ಗುಟ್ಟು, ನಾನು ಸಾರು ಬಡಿಸುತ್ತ ಹೋದೆ.

ಆಗ ರಮೇಶ ಎಲ್ಲರನ್ನೂ ಸಮಾಧಾನ ಮಾಡಲು, ‘ಹೋಗ್ಲಿ ಬಿಡಿ, ವಿಡಿಯೋ ಇಲ್ದಿದ್ರೇನು, ನನಗೆ ಬಾಯಿಪಾಠ ಐತೆ’ ಎಂದು ಗಂಟಲು ಸರಿಮಾಡಿಕೊಂಡು, ಅತ್ತೆಯ ದನಿ ಅನುಕರಿಸಿದ: ‘ಅಷ್ಟು ಜನಕ್ಕೆ ಊಟ ಯಾರು ಮಾಡಾಕ್ತಿದ್ರು?’

ನಗು ಶುರುವಾಯಿತು. ಅತ್ತೆ ವಡೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

‘ಯಾರು ಮಾಡಾಕ್ತಿದ್ರು, ಹೇಳು ರಮೇಶ,’ ಎಂದೆ.

ಅವನು ನಗುತ್ತಲೇ, ‘ಏನು?’ ಎಂದ.

‘ಕೇಳಿದೆಯಲ್ಲ, ಉತ್ತರ ಹೇಳು. ಅಷ್ಟು ಜನ ವರ್ಷಗಟ್ಟಲೆ ಕಲ್ಲು ಕೆತ್ತಿದ್ರು. ರಾಗಿ ಯಾರು ಬೀಸಿದ್ರು? ನೀರು ಯಾರು ಹೊತ್ರು? ನಿನಗೆ ಗೊತ್ತಾ?’

ಅವನಿಗೆ ಗೊತ್ತಿರಲಿಲ್ಲ. ನೆಂಟರಿಗೂ ಗೊತ್ತಿರಲಿಲ್ಲ. ನಮ್ಮನೆಯವರು ಮೊದಲ ಸಲ ಎಲೆಯಿಂದ ತಲೆಯೆತ್ತಿ ನೋಡಿದರು.

‘ನನಗೂ ಗೊತ್ತಿಲ್ಲ,’ ಎಂದೆ. ‘ಮಾವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಅವರು ಸುಮ್ಮನಿರ್ತಿದ್ರಾ, ಅರ್ಧ ಗಂಟೆ ಹೇಳ್ತಿದ್ರು. ಆ ದಿನ ಅಲ್ಲಿ ಕೇಳಬೇಕಾದ್ದು ಕೇಳಿದವರು ಒಬ್ಬರೇ. ನಾವು ಉಳಿದವರು ಹಲ್ಲು ಬಿಟ್ಟೆವು.’

ರಮೇಶ ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಆಚೀಚೆ ಸರಿಸಿದ. ಅವನು ಒಳ್ಳೆಯವನು, ಒಮ್ಮೆ ತಲೆಯೆತ್ತಿ ತಾಯಿಯ ಮುಖ ನೋಡಿದ, ಮತ್ತೆ ತಗ್ಗಿಸಿದ. ಅತ್ತೆ ಬಂದು ಅವನ ಎಲೆಗೆ ಒಂದು ವಡೆ ಹಾಕಿ, ‘ತಿನ್ನೋ, ಆರೋಗ್ತದೆ’ ಎಂದು ಮುಂದಿನ ಎಲೆಗೆ ಹೋದರು.

ಮಾರನೆಯ ದಿನ ಹಗರೆಯ ಡಿಸ್ಕಿನಿಂದಲೂ ಆ ವಿಡಿಯೋ ಅಳಿಸಿದೆ. ಈ ಸಲ ದಾಖಲೆಯಲ್ಲಿ ನನ್ನ ಹೆಸರು ಬಿದ್ದದ್ದಕ್ಕೆ ಬೇಜಾರಿರಲಿಲ್ಲ. ಎಲ್ಲರಿಗೂ ಬೇರೆ ಬೇರೆ ಫೋಲ್ಡರು ಮಾಡಿದೆ, ಹಸುಗಳಿಗೊಂದು, ಗುಲಾಬಿಗೊಂದು. ರಮೇಶ ಒಂದು ವಾರ ನನ್ನ ಹತ್ತಿರ ಮಾತು ಕಡಿಮೆ ಮಾಡಿದ. ಆಮೇಲೆ ತುಂಬಿದ ಫೋನು ತಂದು ಮೇಜಿನ ಮೇಲಿಟ್ಟು ಹೋದ.

ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತ ಅತ್ತೆ ಕೇಳಿದರು. ‘ಡಬ್ಬೀಲಿ ಅವ್ರು ಮಾತಾಡ್ದೆ ಇರೋದು ಒಂದಾದ್ರೂ ಐತಾ? ಮುಖ ನೋಡ್ಬೇಕು ಅನ್ಸುತ್ತೆ.’

ಮಾವ ಮಾತಾಡದ ವಿಡಿಯೋ ಹುಡುಕುವುದು ಎಂಥ ಕೆಲಸವೆಂದು ಅವರನ್ನು ಬಲ್ಲವರಿಗೆ ಗೊತ್ತು. ಒಂದರಲ್ಲಿ ಮದುವೆಯ ಪುರೋಹಿತರನ್ನು ತಿದ್ದುತ್ತಿದ್ದಾರೆ. ಇನ್ನೊಂದರಲ್ಲಿ ಆಟೋದವನಿಗೆ ಅವನದೇ ಬೀದಿಯ ದಾರಿ ಹೇಳುತ್ತಿದ್ದಾರೆ. ಮತ್ತೊಂದರಲ್ಲಿ ಹುಟ್ಟುಹಬ್ಬದ ಕೇಕನ್ನು ಯಾವ ಕಡೆಯಿಂದ ಕತ್ತರಿಸಬೇಕು ಎಂದು ಅಪ್ಪಣೆ ಕೊಡುತ್ತಿದ್ದಾರೆ. ಹುಡುಕುತ್ತ ಹುಡುಕುತ್ತ ನನಗೂ ನಗು ಬಂತು, ಅತ್ತೆಗೂ ಬಂತು. ಕೊನೆಗೆ ಮಾಲೇಕಲ್ಲು ಬೆಟ್ಟದ್ದು ಒಂದು ಸಿಕ್ಕಿತು. ತೀರಾ ಚಿಕ್ಕದು, ಯಾರು ಯಾಕೆ ಹಿಡಿದರೋ ಗೊತ್ತಿಲ್ಲ. ಮಾವ ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಿಡುತ್ತ ಅರ್ಧದಲ್ಲೇ ಕೂತಿದ್ದಾರೆ. ಮಾತಾಡಲು ಉಸಿರಿಲ್ಲ. ಕೆಳಗಿನಿಂದ ಅತ್ತೆ ಬರುತ್ತಾರೆ, ನೀರಿನ ಬಾಟಲಿ ಕೊಡುತ್ತಾರೆ. ಅವರು ಕುಡಿದು, ಬಾಟಲಿ ಹಿಂದಕ್ಕೆ ಕೊಟ್ಟು, ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸುತ್ತಾರೆ. ಅತ್ತೆ ಕೂರುತ್ತಾರೆ. ಅಷ್ಟೇ.

‘ಇನ್ನೊಂದ್ಸಲ ಹಾಕು,’ ಎಂದರು.

ಹಾಕಿದೆ. ಕಾಫಿ ಆರಿಹೋಯಿತು. ಮತ್ತೊಂದು ಸಲ ನೋಡಿದ ಮೇಲೆ ರಿಮೋಟನ್ನು ನನ್ನ ಕೈಗೆ ಕೊಟ್ಟರು.

‘ಇದನ್ನ ಯಾರೂ ಅಳಿಸಕ್ಕೆ ಆಗ್ದಂಗೆ ಮಾಡಕ್ಕೆ ಬತ್ತದಾ?’

‘ಬರುತ್ತೆ ಅತ್ತೆ.’

‘ಹಂಗೇ ಮಾಡು,’ ಎಂದರು. ‘ನನ್ ಕೈಲೂ ಆಗ್ಬಾರ್ದು.’